ಬಾಯಿಲ್ಲದ ಸೊಸೆ

ಮದುವೆಯಾದ ಹೊಸದರಲ್ಲಿ ಅತ್ತೆಯವರು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು: "ನಮ್ಮ ಸೊಸೆಗೆ ಬಾಯೇ ಇಲ್ಲ, ಹಸುವಿನಂಥ ಹುಡುಗಿ." ಕೇಳಿ ನಾನೂ ಉಬ್ಬುತ್ತಿದ್ದೆ. ಅದು ಗುಣವಲ್ಲ, ಅಪ್ಪನ ಬೆಲ್ಟು ಕಲಿಸಿದ ಪಾಠ ಎಂದು ಗೊತ್ತಾಗಲು ಎಂಟು ವರ್ಷ ಬೇಕಾಯಿತು.

ಸಂಜೆ ಅಪ್ಪ ಸ್ಕೂಟರಿಗೆ ಸ್ಟ್ಯಾಂಡ್ ಹಾಕುವ ಸದ್ದಿನಲ್ಲೇ ಆ ರಾತ್ರಿ ಹೇಗಿರುತ್ತದೆ ಎಂದು ನನಗೂ ತಮ್ಮನಿಗೂ ತಿಳಿಯುತ್ತಿತ್ತು. ಆ ಕಿವಿ ಮದುವೆಯಾದ ಮೇಲೂ ನನ್ನ ಜೊತೆಗೇ ಬಂತು. ನಮ್ಮ ಮನೆಯವರು ಚಪ್ಪಲಿ ಬಿಡುವ ಸದ್ದು ತುಸು ಜೋರಾದರೂ ಇವತ್ತು ನಾನೇನು ತಪ್ಪು ಮಾಡಿದೆ ಎಂದು ಲೆಕ್ಕ ಹಾಕುತ್ತಿದ್ದೆ. ಒಮ್ಮೆ ಅಡುಗೆಮನೆಯಲ್ಲಿ ನನ್ನ ತಲೆಯ ಮೇಲಿದ್ದ ಮೆಂತ್ಯದ ಡಬ್ಬಿ ತೆಗೆಯಲು ಅವರು ಕೈ ಎತ್ತಿದರು. ನನ್ನ ಮೊಣಕೈ ತಾನಾಗಿಯೇ ಮುಖಕ್ಕೆ ಅಡ್ಡ ಬಂತು. ಅವರು ಡಬ್ಬಿ ಹಿಡಿದುಕೊಂಡೇ ನಿಂತುಬಿಟ್ಟರು. ನಾಲ್ಕು ದಿನ ಬಿಟ್ಟು ಎಲ್ಲ ಹೇಳಿದೆ. ಅಂದಿನಿಂದ ಅವರು ನನ್ನ ಹಿಂದಿನಿಂದ ಬರುವಾಗ ಕೆಮ್ಮುತ್ತಾರೆ. (ನೆಗಡಿಯೆಂದುಕೊಂಡು ನೆಂಟರು ಕಷಾಯ ಹೇಳುವುದುಂಟು.)

ತಮ್ಮನದು ಬೇರೆ ಕಥೆ. ಜಗಳ ಶುರುವಾದರೆ ಬೈಕ್ ಹತ್ತಿ ಹೊರಟುಬಿಡುತ್ತಾನೆ. ತಾನೂ ಕೈ ಎತ್ತಿಬಿಟ್ಟೇನು ಎಂಬ ಭಯ ಅವನಿಗೆ. ಅವನ ಹೆಂಡತಿಗೆ ಅದು ತಾತ್ಸಾರವಾಗಿ ಕಾಣುತ್ತದೆ.

ಮಕ್ಕಳ ಮೇಲಿನ ದೌರ್ಜನ್ಯದ ಬಗ್ಗೆ 2007ರಲ್ಲಿ ಹೊರಬಂದ ಅಧ್ಯಯನಕ್ಕಾಗಿ ಕೇಂದ್ರ ಸರ್ಕಾರ 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತನಾಡಿಸಿತ್ತು. ಮೂವರಲ್ಲಿ ಇಬ್ಬರು ಹೊಡೆತ ತಿಂದವರು. ಮನೆಯೊಳಗೆ ತಿಂದವರಲ್ಲಿ ಶೇ. 88.6ರಷ್ಟು ಮಕ್ಕಳಿಗೆ ಹೊಡೆದದ್ದು ಹೆತ್ತವರೇ. ಆ ಮಕ್ಕಳೇ ಈಗ ಯಾರದೋ ಗಂಡ, ಯಾರದೋ ಹೆಂಡತಿ. "ತಾಳಿದವನು ಬಾಳಿಯಾನು" ಎಂದು ನಾವು ಅವರ ಬೆನ್ನು ತಟ್ಟುತ್ತೇವೆ. ತಾಳುವುದು ಅವರಿಗೆ ಐದನೇ ವಯಸ್ಸಿನಲ್ಲೇ ಬಂದಿದೆ ಸ್ವಾಮಿ, ಬಾರದಿರುವುದು ನಂಬುವುದು.

ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ ಮಕ್ಕಳ ಬದುಕನ್ನು ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ದಶಕಗಳ ಕಾಲ ಗಮನಿಸಿದರು. ಕಷ್ಟದಲ್ಲಿ ಬೆಳೆದು ಹದಿಹರೆಯದಲ್ಲಿ ಹಳಿ ತಪ್ಪಿದ್ದ ಎಷ್ಟೋ ಜನ ನಡುವಯಸ್ಸಿಗೆ ಚೇತರಿಸಿಕೊಂಡಿದ್ದರು. ಅವರಿಗೆ ಆಸರೆಯಾದವುಗಳಲ್ಲಿ ಒಳ್ಳೆಯ ಸಂಗಾತಿಯೂ ಒಂದು. ಇದನ್ನು ಓದಿ "ಮದುವೆ ಮಾಡಿದರೆ ಸರಿಹೋಗುತ್ತಾಳೆ" ಎನ್ನಲು ಹೊರಟವರು ದಯವಿಟ್ಟು ಸುಮ್ಮನಿರಿ. ಗಂಡನೇನು ಔಷಧಿಯಲ್ಲ. ನಾನು ಎರಡು ವರ್ಷ ಆಪ್ತಸಮಾಲೋಚಕಿಯ ಬಳಿಗೂ ಹೋಗಿದ್ದೇನೆ.

ಹೋದ ತಿಂಗಳು ನನಗೆ ಹೇಳದೆ ಇವರು ಗೆಳೆಯನಿಗೆ ಸಾಲ ಕೊಟ್ಟಿದ್ದು ಗೊತ್ತಾಯಿತು. ಜೀವನದಲ್ಲಿ ಮೊದಲ ಸಲ ಕೂಗಾಡಿದೆ. ಮುಗಿಯುವ ಹೊತ್ತಿಗೆ ಕೈಕಾಲು ನಡುಗುತ್ತಿದ್ದವು. ಇವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ತಪ್ಪು ನನ್ನದೇ. ಆದರೆ ಕರೆಂಟ್ ಬಿಲ್ ಕಟ್ಟುತ್ತೇನೆ ಎಂದವಳು ನೀನು, ಅದಿನ್ನೂ ಬಾಕಿ ಇದೆ" ಎಂದರು. ಒಳಗಿನಿಂದ ಅತ್ತೆ ಟಿವಿಯ ಸದ್ದು ಕಡಿಮೆ ಮಾಡಿದ್ದು ಕೇಳಿಸಿತು.