ಮೈಲೇಜ್ ಕೊಡುವುದು ಬಂಕಿನ ಬೋರ್ಡೋ, ನಮ್ಮ ಲೆಕ್ಕದ ಎಡವಟ್ಟೋ?

"ಆ ಬಂಕಿನ ಡೀಸೆಲ್ ಹಾಕಿಸಿ ನೋಡಿ, ಲೀಟರಿಗೆ ಎರಡು ಕಿಲೋಮೀಟರ್ ಜಾಸ್ತಿ ಬರುತ್ತೆ." ಡೀಸೆಲ್ ಕಾರು ಇಟ್ಟುಕೊಂಡವರು ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರು ಬರೆದಿಟ್ಟುಕೊಂಡ ಲೆಕ್ಕದಲ್ಲಿ ಆ ಎರಡು ಕಿಲೋಮೀಟರ್ ನಿಜವಾಗಲೂ ಇದೆ. ಅದನ್ನು ಕೊಟ್ಟಿದ್ದು ಡೀಸೆಲ್ಲೇನಾ ಅನ್ನುವುದಷ್ಟೇ ನನ್ನ ತಕರಾರು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬ್ರಾಂಡಿನಿಂದ ಬ್ರಾಂಡಿಗೆ ಮೈಲೇಜಿನಲ್ಲಿ ವ್ಯತ್ಯಾಸ ಇರಬಹುದು. ಆದರೆ ಅದು ನಾವು ಮೈಲೇಜ್ ಅಳೆಯುವಾಗ ಆಗುವ ಹೆಚ್ಚುಕಮ್ಮಿಗಿಂತ ಚಿಕ್ಕದು. ಬ್ರಾಂಡ್ ಬದಲಿಸಿದಾಗ ಕಣ್ಣಿಗೆ ಬೀಳುವುದು ಬಹುಪಾಲು ಆ ಹೆಚ್ಚುಕಮ್ಮಿಯೇ.

ಎಲ್ಲರೂ ಮಾಡುವುದು ಟ್ಯಾಂಕ್ ಫುಲ್ ಲೆಕ್ಕ. ಒಮ್ಮೆ ಫುಲ್ ಮಾಡಿಸಿ ಟ್ರಿಪ್ ಮೀಟರನ್ನು ಸೊನ್ನೆಗೆ ತರುತ್ತೇವೆ. ಓಡಿಸಿ, ಮತ್ತೆ ಫುಲ್ ಮಾಡಿಸಿ, ಓಡಿದ ಕಿಲೋಮೀಟರನ್ನು ಹಿಡಿದ ಲೀಟರಿನಿಂದ ಭಾಗಿಸುತ್ತೇವೆ. ವಿಧಾನದಲ್ಲಿ ತಪ್ಪೇನೂ ಇಲ್ಲ. ಆದರೆ ಟ್ಯಾಂಕ್ ಎರಡು ಸಲವೂ ಒಂದೇ ಮಟ್ಟಕ್ಕೆ ತುಂಬಿತ್ತು ಅಂತ ಏನು ಗ್ಯಾರಂಟಿ?

ಬಂಕಿನ ನಾಝಲ್ ತುದಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ, ಗಮನಿಸಿ ನೋಡಿ. ಡೀಸೆಲ್ ಹರಿಯುತ್ತಿರುವಾಗ ಅದು ಆ ತೂತಿನಿಂದ ಗಾಳಿ ಎಳೆದುಕೊಳ್ಳುತ್ತಿರುತ್ತದೆ. ಡೀಸೆಲ್ ಮೇಲೆ ಬಂದು ತೂತು ಮುಚ್ಚಿದರೆ ಗಾಳಿ ನಿಲ್ಲುತ್ತದೆ. ಆಗ ನಾಝಲ್ ಒಳಗಿನ ಡಯಾಫ್ರಂ ಅನ್ನುವ ತೆಳು ಪೊರೆ ಸೆಳೆದುಕೊಂಡು ಟಕ್ ಅಂತ ಬಂದ್ ಆಗುತ್ತದೆ. ಟ್ಯಾಂಕ್ ತುಂಬಿದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ತೂತು ಮುಚ್ಚಿತು, ಅಷ್ಟೇ. ಅದೂ ಡೀಸೆಲ್ಲಿನಲ್ಲಿ ನೊರೆ ಜಾಸ್ತಿ. ಜೋರಾಗಿ ಬಿಟ್ಟರೆ ನೊರೆ ಎದ್ದು ಬೇಗನೆ ಟಕ್ ಅನ್ನುತ್ತದೆ. ನೊರೆ ಇಳಿದ ಮೇಲೆ ನೋಡಿದರೆ ಇನ್ನೂ ಒಂದೆರಡು ಲೀಟರ್ ಹಿಡಿಯುತ್ತದೆ. ಕಾರು ಸ್ವಲ್ಪ ವಾಲಿ ನಿಂತಿದ್ದರೂ ಇದೇ ಕತೆ. ಒಬ್ಬರು ಮೊದಲ ಟಕ್‌ಗೆ ನಿಲ್ಲಿಸುತ್ತಾರೆ, ಇನ್ನೊಬ್ಬರು ಬಿಲ್ ರೌಂಡ್ ಆಗಲಿ ಅಂತ ಮತ್ತೆ ಮತ್ತೆ ಒತ್ತುತ್ತಾರೆ. 40 ಲೀಟರಿನಲ್ಲಿ 2 ಲೀಟರ್ ಆಚೀಚೆ ಆದರೆ ಅಲ್ಲಿಗೆ ಶೇ. 5 ಆಯಿತು.

ಇಲ್ಲೇ ಒಂದು ಮಜಾ ಇದೆ. ದುಬಾರಿ ಡೀಸೆಲ್‌ಗಳಿಗೆ ಸೇರಿಸುವ ಅಡಿಟಿವ್‌ಗಳಲ್ಲಿ ನೊರೆ ಕಡಿಮೆ ಮಾಡುವುದೂ ಒಂದು. ಈಗ ಒಂದು ಲೆಕ್ಕ ಹಾಕೋಣ. ನಿಮ್ಮ ಕಾರು 800 ಕಿಲೋಮೀಟರಿಗೆ ಯಾವಾಗಲೂ ಸರಿಯಾಗಿ 40 ಲೀಟರ್ ಕುಡಿಯುತ್ತದೆ ಅಂದುಕೊಳ್ಳಿ. ಅಂದರೆ ಲೀಟರಿಗೆ 20. ಇಷ್ಟು ದಿನ ಸಾದಾ ಡೀಸೆಲ್ ಹಾಕಿಸುತ್ತಿದ್ದಿರಿ, ನೊರೆಗೆ ಬೇಗ ಟಕ್ ಅನ್ನುತ್ತಿತ್ತು. ಇವತ್ತು ಹೊಸ ಡೀಸೆಲ್ ಹಾಕಿಸಿದಿರಿ. ನೊರೆ ಇಲ್ಲ, 2 ಲೀಟರ್ ಜಾಸ್ತಿ ಹಿಡಿಯಿತು. ಬಿಲ್ 42 ಲೀಟರಿಗೆ ಬಂತು. ಈ ಹೊರೆ ಬೀಳುವುದು ಯಾರ ತಲೆಗೆ? ಆಗಲೇ ಓಡಿ ಮುಗಿಸಿದ ಹಳೇ ಡೀಸೆಲ್ ತಲೆಗೆ. 800 ಭಾಗಿಸು 42, ಲೀಟರಿಗೆ 19. ಮತ್ತೆ 800 ಓಡಿಸಿ ಹಳೇ ಬಂಕಿಗೆ ಬಂದಿರಿ. ನೊರೆಗೆ ಬೇಗ ಟಕ್ ಅಂದಿತು, ಹಿಡಿದದ್ದು 38 ಲೀಟರ್. ಇದರ ಲಾಭ ಹೊಸ ಡೀಸೆಲ್ ಖಾತೆಗೆ. 800 ಭಾಗಿಸು 38, ಲೀಟರಿಗೆ 21. ಇಂಜಿನ್ ಎರಡು ಸಲವೂ ಸುಟ್ಟಿದ್ದು 40 ಲೀಟರೇ. ಆದರೆ ಪುಸ್ತಕದಲ್ಲಿ ಹಳೇದು 19, ಹೊಸದು 21. ಎರಡು ಕಿಲೋಮೀಟರ್ ಜಾಸ್ತಿ ಬಂದೇಬಿಟ್ಟಿತಲ್ಲ!

ಎಲ್ಲಾ ಕಾರಿನಲ್ಲೂ ಎಲ್ಲಾ ಸಲವೂ ಹೀಗೇ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಒಂದೇ ಒಂದು ಟ್ಯಾಂಕ್ ಹಾಕಿಸಿ ತೀರ್ಪು ಕೊಟ್ಟರೆ ಹೀಗೂ ಆಗಬಹುದು ಅನ್ನುತ್ತಿದ್ದೇನೆ.

ಮೈಲೇಜ್ ಎಷ್ಟು ಅಂತ ಕಾರಿನ ಸ್ಕ್ರೀನಿನಲ್ಲೇ ತೋರಿಸುತ್ತದಲ್ಲ ಅನ್ನುವವರಿದ್ದಾರೆ. ಆ ಸ್ಕ್ರೀನ್ ಟ್ಯಾಂಕಿನ ಡೀಸೆಲ್ ಅಳೆದು ಹೇಳುವುದಿಲ್ಲ. ಇಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿಗೆ ಎಷ್ಟು ಹೊತ್ತು ತೆರೆದುಕೊಳ್ಳಲು ಹೇಳಿದೆ ಅನ್ನುವುದರ ಮೇಲೆ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಮೈಲೇಜನ್ನು ಸಾಮಾನ್ಯವಾಗಿ ಸ್ವಲ್ಪ ಧಾರಾಳವಾಗಿಯೇ ತೋರಿಸುತ್ತದೆ. ಇನ್ನು ಟೈರು. ಹೊಸ ಟೈರಿನ ಅಚ್ಚು ಸುಮಾರು 8 ಮಿಲಿಮೀಟರ್ ಆಳ. ಅದು ಸವೆದು 2ಕ್ಕೆ ಬಂದರೆ ಚಕ್ರ ಸ್ವಲ್ಪ ಚಿಕ್ಕದಾಗುತ್ತದೆ, ಅದೇ ದಾರಿಗೆ ಜಾಸ್ತಿ ಸುತ್ತು ಹೊಡೆಯುತ್ತದೆ. ಮೀಟರ್ ಹೆಚ್ಚುಕಡಿಮೆ ಶೇ. 2ರಷ್ಟು ಜಾಸ್ತಿ ಕಿಲೋಮೀಟರ್ ತೋರಿಸುತ್ತದೆ. ಹೊಸ ಟೈರ್ ಹಾಕಿಸಿದ ತಿಂಗಳೇ "ಈ ಬಂಕಿನ ಡೀಸೆಲ್ ಕೆಟ್ಟುಹೋಗಿದೆ" ಅನ್ನುವವರ ಗೋಳಿಗೆ ಇದೂ ಒಂದು ಕಾರಣ. ಪಾಪ, ಬಂಕಿನವರದು ಏನೂ ತಪ್ಪಿರುವುದಿಲ್ಲ.

ಹಾಗಾದರೆ ಎಲ್ಲಾ ಡೀಸೆಲ್ ಒಂದೇನಾ? ಅಲ್ಲ. ಡೀಸೆಲ್ಲಿನಲ್ಲಿ ವ್ಯತ್ಯಾಸ ಇದೆ, ಆದರೆ ಅದು ಬೋರ್ಡ್ ನೋಡಿಕೊಂಡು ಬದಲಾಗುವುದಿಲ್ಲ. ಡೀಸೆಲ್ಲನ್ನು ನಾವು ಲೀಟರ್ ಲೆಕ್ಕದಲ್ಲಿ ಕೊಳ್ಳುತ್ತೇವೆ, ಇಂಜಿನ್ನಿಗೆ ಬೇಕಾದ ಶಕ್ತಿ ಇರುವುದು ತೂಕದಲ್ಲಿ. ಒಂದು ಕೆ.ಜಿ. ಡೀಸೆಲ್ಲಿನಲ್ಲಿ ಸುಮಾರು 43 ಮೆಗಾಜೂಲ್ ಶಕ್ತಿ, ಇದು ಅಷ್ಟಾಗಿ ಬದಲಾಗುವುದಿಲ್ಲ. ಆದರೆ ಒಂದು ಲೀಟರ್ ಎಷ್ಟು ತೂಗುತ್ತದೆ ಅನ್ನುವುದು ಬದಲಾಗುತ್ತದೆ. ಯುರೋಪಿನ ಇಎನ್ 590 ಮಾನದಂಡ ಮಾಮೂಲಿ ಡೀಸೆಲ್ಲಿಗೆ ಲೀಟರಿಗೆ ಸುಮಾರು 820ರಿಂದ 845 ಗ್ರಾಂವರೆಗೆ ಅವಕಾಶ ಕೊಡುತ್ತದೆ. ಆ ತುದಿಗೂ ಈ ತುದಿಗೂ ಶೇ. 3. ಲೀಟರಿಗೆ 20 ಕೊಡುವ ಕಾರಿನಲ್ಲಿ ಅದು 600 ಮೀಟರ್ ಆಗುತ್ತದೆ. ಚಳಿ ದೇಶಗಳಲ್ಲಿ ಚಳಿಗಾಲಕ್ಕೆ ಡೀಸೆಲ್ ಗಟ್ಟಿಯಾಗಬಾರದು ಅಂತ ಹಗುರ ಮಾಡುತ್ತಾರೆ, ಅಲ್ಲಿ ಮೈಲೇಜ್ ಸ್ವಲ್ಪ ಇಳಿಯುತ್ತದೆ. ಬಯೋಡೀಸೆಲ್ಲಿನಲ್ಲಿ ಲೀಟರಿಗೆ ಶಕ್ತಿ ಸುಮಾರು ಶೇ. 8ರಷ್ಟು ಕಡಿಮೆ. ಶೇ. 7 ಬೆರೆಸಿದರೆ ಒಟ್ಟಾರೆ ಕಳೆದುಕೊಳ್ಳುವುದು ಶೇ. 1ಕ್ಕಿಂತ ಕಮ್ಮಿ. ಇವೆಲ್ಲಾ ಕಚ್ಚಾ ತೈಲ, ರಿಫೈನರಿ, ಋತು, ಬೆರಕೆಯ ಪ್ರಮಾಣ ನೋಡಿಕೊಂಡು ಬದಲಾಗುತ್ತವೆ. ಒಂದೇ ಬ್ರಾಂಡಿನಲ್ಲಿ ಈ ತಿಂಗಳಿಗೂ ಮುಂದಿನ ತಿಂಗಳಿಗೂ ವ್ಯತ್ಯಾಸ ಇರಬಹುದು.

ಬೇರೆ ಬೇರೆ ಬ್ರಾಂಡಿನ ಡೀಸೆಲ್ ಎಷ್ಟೋ ಸಲ ಒಂದೇ ಕಡೆಯಿಂದ ಬರುತ್ತದೆ. ಎಲ್ಲಾ ಕಂಪನಿಗೂ ಎಲ್ಲಾ ಊರಿನ ಹತ್ತಿರ ರಿಫೈನರಿ ಇರುವುದಿಲ್ಲ. ಒಬ್ಬರದು ಇನ್ನೊಬ್ಬರು ಕೊಳ್ಳುತ್ತಾರೆ, ಒಂದೇ ಪೈಪ್‌ಲೈನಿನಲ್ಲಿ ಕಳಿಸುತ್ತಾರೆ, ಒಂದೇ ಡಿಪೋದಲ್ಲಿ ತುಂಬಿಕೊಳ್ಳುತ್ತಾರೆ. ಕಂಪನಿಯ ಸ್ವಂತದ್ದು ಅನ್ನುವ ಅಡಿಟಿವ್ ಸೇರುವುದು ಬಹುತೇಕ ಕೊನೆಗೆ, ಟ್ಯಾಂಕರಿಗೆ ತುಂಬುವ ಹೊತ್ತಿನಲ್ಲಿ.

ಆ ಅಡಿಟಿವ್ ಸುಮ್ನೆ ಹೆಸರಿಗೆ ಅಂತ ತಳ್ಳಿಹಾಕುವವನು ನಾನಲ್ಲ. ಇವತ್ತಿನ ಕಾಮನ್ ರೈಲ್ ಇಂಜಿನ್ನಿನಲ್ಲಿ (ಎಲ್ಲಾ ಇಂಜೆಕ್ಟರಿಗೂ ಭಾರೀ ಒತ್ತಡದ ಒಂದೇ ಕೊಳವೆಯಿಂದ ಡೀಸೆಲ್ ಹೋಗುವಂಥದ್ದು) ಡೀಸೆಲ್ 2000 ಬಾರ್ ಒತ್ತಡದಲ್ಲಿ, ಇನ್ನು ಕೆಲವದರಲ್ಲಿ ಅದಕ್ಕೂ ಜಾಸ್ತಿ ಒತ್ತಡದಲ್ಲಿ, ಇಂಜೆಕ್ಟರಿನಿಂದ ಚಿಮ್ಮುತ್ತದೆ. ಇಂಜೆಕ್ಟರಿನ ತೂತು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಅಂಥಾ ತೂತಿನ ಬಾಯಲ್ಲಿ ಮಸಿ ಕಟ್ಟಿದರೆ ಸ್ಪ್ರೇ ಕೆಡುತ್ತದೆ, ಪಿಕಪ್ ಬೀಳುತ್ತದೆ. ಇದನ್ನು ಪರೀಕ್ಷೆ ಮಾಡುವುದಕ್ಕೇ ಡಿಡಬ್ಲ್ಯೂ10 ಅನ್ನುವ ಪೆಜೊ ಇಂಜಿನ್ನಿನ ಹೆಸರಿನ ಟೆಸ್ಟ್ ಇದೆ. ಡೀಸೆಲ್ಲಿಗೆ ಹತ್ತು ಲಕ್ಷಕ್ಕೆ ಒಂದು ಭಾಗದಷ್ಟು ಸತುವಿನ ಅಂಶ ಬೇಕಂತಲೇ ಸೇರಿಸಿ ಓಡಿಸುತ್ತಾರೆ. ಅಷ್ಟಕ್ಕೇ ಮಸಿ ಕಟ್ಟಿ ಪವರ್ ಇಳಿಯಲು ಶುರುವಾಗುತ್ತದೆ. ಮಸಿ ತೊಳೆಯುವ ಒಳ್ಳೆಯ ಅಡಿಟಿವ್, ಅಂದರೆ ಡಿಟರ್ಜೆಂಟ್, ಇದ್ದರೆ ಇಳಿಯುವುದಿಲ್ಲ, ಇಳಿದದ್ದೂ ವಾಪಸ್ ಬರುತ್ತದೆ. ಇದು ನಿಜವಾದ ಉಪಯೋಗ.

ಆದರೆ ಹೋದದ್ದು ವಾಪಸ್ ಬರುವುದೇ ಬೇರೆ, ಇಲ್ಲದ್ದು ಹೊಸದಾಗಿ ಬರುವುದೇ ಬೇರೆ. ಇಂಜೆಕ್ಟರ್ ಕ್ಲೀನ್ ಇರುವ ಕಾರಿಗೆ ಡಿಟರ್ಜೆಂಟ್ ಏನು ತೊಳೆಯಬೇಕು? ಜಾಹೀರಾತಿನಲ್ಲಿ "ಇಷ್ಟರವರೆಗೆ ಉಳಿತಾಯ" ಅಂತ ಇರುತ್ತದಲ್ಲ, ಆ "ವರೆಗೆ" ಸಾಮಾನ್ಯವಾಗಿ ಮಸಿ ಹಿಡಿದ ಇಂಜಿನ್ನಿಗೆ ಹೇಳಿದ್ದು. ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಕನ್ನಡಕ ಹಾಕಿಕೊಂಡು ಓದಬೇಕು.

ಸೀಟೇನ್ ನಂಬರ್ ಬಗ್ಗೆಯೂ ಹೀಗೇ ಗೊಂದಲ. ಯುರೋಪಿನಲ್ಲಿ ಕನಿಷ್ಠ 51 ಬೇಕು, ಅಮೆರಿಕದಲ್ಲಿ 40 ಸಾಕು. ನಂಬರ್ ಜಾಸ್ತಿ ಇದ್ದರೆ ಶಕ್ತಿ ಜಾಸ್ತಿ ಅಂತ ಜನ ತಿಳಿಯುತ್ತಾರೆ. ಸೀಟೇನ್ ಹೇಳುವುದು ಚಿಮ್ಮಿದ ಡೀಸೆಲ್ ಎಷ್ಟು ಬೇಗ ಹತ್ತಿಕೊಳ್ಳುತ್ತದೆ ಅಂತ ಮಾತ್ರ. ಪುರಲೆ ಬೇಗ ಹತ್ತಿಕೊಳ್ಳುತ್ತದೆ, ಹಾಗಂತ ದಪ್ಪ ಕೊರಡಿನಷ್ಟು ಕಾವು ಕೊಡುತ್ತದಾ? ಸೀಟೇನ್ ಜಾಸ್ತಿ ಇದ್ದರೆ ಚಳಿಯಲ್ಲಿ ಬೇಗ ಸ್ಟಾರ್ಟ್ ಆಗುತ್ತದೆ, ಟಕಟಕ ಸದ್ದು ಕಮ್ಮಿಯಾಗುತ್ತದೆ. ಸದ್ದು ಕಮ್ಮಿಯಾದ ಕೂಡಲೇ ಕಾರು ಹಗುರಾಗಿ ಓಡುತ್ತಿದೆ ಅನ್ನಿಸುತ್ತದೆ, ಅದಂತೂ ನಿಜ. ನೈಸರ್ಗಿಕ ಅನಿಲದಿಂದ ತಯಾರಿಸುವ ಜಿಟಿಎಲ್ ಡೀಸೆಲ್ ನೋಡಿ. ಸೀಟೇನ್ 70ರ ಮೇಲೆ, ಬಹಳ ಶುದ್ಧ. ಆದರೆ ಲೀಟರ್ ತೂಗುವುದು ಸುಮಾರು 780 ಗ್ರಾಂ. ಹಾಗಾಗಿ ಲೀಟರಿಗೆ ಸಿಗುವ ಶಕ್ತಿ ಸಾದಾ ಡೀಸೆಲ್ಲಿಗಿಂತ ಶೇ. 4-5ರಷ್ಟು ಕಮ್ಮಿಯೇ.

ಬಾಟಲಿಯಲ್ಲಿ ಮಾರುವ "ಮೈಲೇಜ್ ಬೂಸ್ಟರ್" ಬಗ್ಗೆ ಉದ್ದ ಮಾತು ಬೇಡ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಇಂಧನ ಉಳಿಸುತ್ತೇವೆ ಅನ್ನುವ 100ಕ್ಕೂ ಹೆಚ್ಚು ಉಪಕರಣಗಳನ್ನು ಪರಿಶೀಲಿಸಿದೆ. ಹೇಳಿಕೊಳ್ಳುವಂಥ ಮೈಲೇಜ್ ಕೊಟ್ಟದ್ದು ಒಂದೂ ಸಿಗಲಿಲ್ಲ. ನನಗೆ ಅಷ್ಟು ಸಾಕು.

ಈಗ ಮೈಲೇಜ್ ನಿಜವಾಗಿ ಎಲ್ಲಿ ಹೋಗುತ್ತದೆ ನೋಡೋಣ. ಗಾಳಿಯ ಎದುರೊತ್ತು ವೇಗದ ವರ್ಗದ (ವೇಗ ಗುಣಿಸು ವೇಗ) ಲೆಕ್ಕದಲ್ಲಿ ಏರುತ್ತದೆ. ಗಂಟೆಗೆ 90ರಲ್ಲಿ ಹೋಗುತ್ತಿದ್ದವರು 110ಕ್ಕೆ ಏರಿಸಿದರೆ ವೇಗ ಏರಿದ್ದು ಶೇ. 22, ಗಾಳಿಯ ಎದುರೊತ್ತು ಮೊದಲಿನ ಒಂದೂವರೆ ಪಟ್ಟಾಯಿತು. ಯಾವ ಬ್ರಾಂಡ್ ತಾನೇ ಇದನ್ನು ತುಂಬಿಕೊಡಲು ಸಾಧ್ಯ? ದುಬಾರಿ ಡೀಸೆಲ್ ಹಾಕಿಸಿದ ವಾರ ನಾವೇ ಸ್ವಲ್ಪ ಹುಷಾರಾಗಿ ಓಡಿಸುತ್ತೇವೆ ಅನ್ನುವುದು ನನ್ನ ಗುಮಾನಿ. ದುಡ್ಡು ಜಾಸ್ತಿ ಕೊಟ್ಟಿದ್ದೇವೆ, ಮೈಲೇಜ್ ನೋಡಬೇಕು ಅಂತ ಕಣ್ಣು ಮೀಟರ್ ಮೇಲೆ ಇರುತ್ತದೆ, ಕಾಲು ತಾನಾಗೇ ಹಗುರಾಗುತ್ತದೆ. ಹೆಸರು ಡೀಸೆಲ್ಲಿಗೆ.

ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಉಳಿತಾಯ ಅನ್ನುವ ನಂಬಿಕೆ ಇನ್ನೂ ಹೋಗಿಲ್ಲ. ಈಗಿನ ಇಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಡೀಸೆಲ್ ಸಂಪೂರ್ಣ ಬಂದ್ ಆಗುತ್ತದೆ, ಚಕ್ರವೇ ಇಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಇಂಜಿನ್ ಆರದಂತೆ ಇಟ್ಟುಕೊಳ್ಳಲು ಡೀಸೆಲ್ ಸುಡಲೇಬೇಕು. ಮೇಲಾಗಿ ಇಂಜಿನ್ ಬ್ರೇಕ್ ಇಲ್ಲ. ಉಳಿತಾಯವೂ ಇಲ್ಲ, ಅಪಾಯ ಬೇರೆ.

ಇನ್ನೊಂದು, ಬಹಳ ಜನ ಲೆಕ್ಕಕ್ಕೇ ಹಿಡಿಯದ್ದು, ಡಿಪಿಎಫ್. ಹೊಗೆಯ ಮಸಿ ಹಿಡಿಯುವ ಫಿಲ್ಟರ್. ಅದು ತುಂಬಿದಾಗ ಇಂಜಿನ್ ತಾನಾಗೇ ಹೆಚ್ಚು ಡೀಸೆಲ್ ಚಿಮ್ಮಿಸಿ ಫಿಲ್ಟರನ್ನು ಸುಮಾರು 600 ಡಿಗ್ರಿಗೆ ಕಾಯಿಸಿ ಮಸಿ ಸುಡುತ್ತದೆ. ಆ ಹೊತ್ತಿನಲ್ಲಿ ಮೈಲೇಜ್ ದಬ್ ಅಂತ ಬೀಳುತ್ತದೆ. ದಿನಾ ಮೂರು ಕಿಲೋಮೀಟರ್ ಹೋಗಿ ಕಾರು ಆಫ್ ಮಾಡುವವರಿಗೆ ಈ ಸುಡುವ ಕೆಲಸ ಪದೇ ಪದೇ ಅರ್ಧಕ್ಕೆ ನಿಲ್ಲುತ್ತದೆ, ಮತ್ತೆ ಮತ್ತೆ ಶುರುವಾಗುತ್ತದೆ. ಇಂಜಿನ್ ಸರಿಯಾಗಿ ಬಿಸಿಯಾಗುವುದೂ ಇಲ್ಲ. ಅವರು ಬಂಕ್ ಬದಲಿಸುತ್ತಲೇ ಇದ್ದರೂ ಮೈಲೇಜ್ ಬದಲಾಗುವುದಿಲ್ಲ.

ನಾನಂತೂ ಬಂಕ್ ನೋಡುವುದು ಬೇರೆ ಕಾರಣಕ್ಕೆ. ವ್ಯಾಪಾರ ಚೆನ್ನಾಗಿರುವ ಕಡೆ ಡೀಸೆಲ್ ಬೇಗ ಖಾಲಿಯಾಗುತ್ತದೆ, ನೆಲದೊಳಗಿನ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಕೂರುವುದಿಲ್ಲ. ನಿಂತ ಡೀಸೆಲ್ಲಿನ ತಳದಲ್ಲಿ ನೀರು ಸೇರುತ್ತದೆ. ನೀರೂ ಡೀಸೆಲ್ಲೂ ಕೂಡುವ ಜಾಗದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆ ಕಟ್ಟುತ್ತವೆ. 2000 ಬಾರ್‌ನಲ್ಲಿ ಕೆಲಸ ಮಾಡುವ ಪಂಪಿಗೆ ಸವೆಯದಂತೆ ಕಾಯುವ ಎಣ್ಣೆಯೂ ಡೀಸೆಲ್ಲೇ, ಅದರ ಜಾಗದಲ್ಲಿ ನೀರು ಹೋದರೆ ಪಂಪಿನ ಗತಿ ಮುಗಿಯಿತು. ಟ್ಯಾಂಕರ್ ಬಂದು ಡೀಸೆಲ್ ಇಳಿಸುತ್ತಿದ್ದರೆ ತಳದ ಕಸ ಕದಡಿರಬಹುದು ಅಂತ ನಾನು ಮುಂದಿನ ಬಂಕಿಗೆ ಹೋಗುತ್ತೇನೆ. ಫಿಲ್ಟರ್ ಇರುತ್ತದೆ, ಗೊತ್ತು. ಆದರೂ ಹೋಗುತ್ತೇನೆ.

ಇಷ್ಟಾದ ಮೇಲೂ ಬ್ರಾಂಡ್ ಪರೀಕ್ಷೆ ಮಾಡಲೇಬೇಕು ಅನ್ನುವವರು ಧಾರಾಳವಾಗಿ ಮಾಡಿ. ಫುಲ್ ಮಾಡಿಸುವುದು ಒಂದೊಂದು ಬ್ರಾಂಡಿಗೂ ಪ್ರತಿ ಸಲ ಅದರದೇ ಒಂದು ಪಂಪಿನಲ್ಲಿ, ಕಾರು ಅದೇ ಜಾಗದಲ್ಲಿ, ಮೊದಲ ಟಕ್‌ಗೆ ಕೈ ತೆಗೆಯಬೇಕು. ಒಂದು ಟ್ಯಾಂಕಿನ ಲೆಕ್ಕ ಲೆಕ್ಕವಲ್ಲ. ಐದಾರು ಟ್ಯಾಂಕ್ ಓಡಿಸಿ ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರಿನಿಂದ ಭಾಗಿಸಿ. ಬ್ರಾಂಡ್ ಬದಲಿಸಿದ ಮೊದಲ ಫುಲ್ ಮತ್ತು ಹಳೇದಕ್ಕೆ ವಾಪಸ್ ಬಂದ ಫುಲ್ ಎರಡನ್ನೂ ಲೆಕ್ಕದಿಂದ ಬಿಡಿ, ನೊರೆಯ ಆಟ ಇರುವುದೇ ಅಲ್ಲಿ. ಆಮೇಲೆ ಹಳೇ ಬ್ರಾಂಡನ್ನೇ ಮತ್ತೆ ಐದಾರು ಟ್ಯಾಂಕ್ ಓಡಿಸಿ, ಮೊದಲಿನ ಅಂಕಿಯೇ ಬರುತ್ತದಾ ನೋಡಿ. ಸಾಧ್ಯವಾದರೆ ಡೀಸೆಲ್ ಹಾಕಿಸುವವರು ಒಬ್ಬರು, ಓಡಿಸುವವರು ಇನ್ನೊಬ್ಬರು ಇರಲಿ. ಟ್ಯಾಂಕಿನಲ್ಲಿ ಯಾವುದಿದೆ ಅಂತ ಓಡಿಸುವವರಿಗೆ ಹೇಳಬೇಡಿ. ಇಷ್ಟೆಲ್ಲಾ ಮಾಡಿದ ಮೇಲೂ ಎರಡು ಕಿಲೋಮೀಟರ್ ಜಾಸ್ತಿ ಬಂದರೆ ನನಗೂ ಆ ಬಂಕಿನ ದಾರಿ ತಿಳಿಸಿ.