ಆರೂವರೆ ಸಾವಿರ, ಅದೂ ಕುಂಕುಮಕ್ಕೆ ಐನೂರು ಕಟ್ ಮಾಡಿ

ನಾನು ಮಾರೋಕೆ ಒಯ್ದ ಎಕ್ಸ್‌ಬಾಕ್ಸ್ ಗೇಮ್ ಡಬ್ಬಿಯನ್ನ ಹಳೇ ಮಾಲಿನ ಅಂಗಡಿಯವನು ಉಗುರಲ್ಲಿ ಕೆರೆದ ಕಣ್ರೀ. ಬಟ್ಟೆ ತಗೊಂಡು ಒರೆಸಿ ನೋಡಲಿಲ್ಲ, ಒಂದು ಮಾತು ಕೇಳಲಿಲ್ಲ. ಹೆಬ್ಬೆರಳ ಉಗುರಲ್ಲಿ ಕರಕರ ಕೆರೆದು, ಉಗುರ ಸಂದಿಯ ಕೆಂಪು ಪುಡಿ ಊದಿ, "ಕಲೆ ಐತಲ್ಲ ಬಾಸ್, ಐನೂರು ಕಟ್ ಆಗ್ತತಿ" ಅಂದ.

ಅದು ಕಲೆ ಅಲ್ಲ. ನಮ್ಮವ್ವ ಇಟ್ಟ ಕುಂಕುಮ. ಪ್ರತಿ ವರ್ಷ ಆಯುಧ ಪೂಜೆ ದಿನ ಅಪ್ಪನ ತಕ್ಕಡಿ, ನನ್ನ ಬೈಕು, ಮಿಕ್ಸಿ, ಹೊಲಿಗೆ ಮಷೀನು ಎಲ್ಲಾ ಮುಗಿಸಿ ಕೊನೆಗೆ ಟಿವಿ ಕೆಳಗಿನ ಆ ಬಿಳಿ ಡಬ್ಬಿ ಹತ್ರ ಬರ್ತಿದ್ಲು. ಕರಿ ಜಾಲರಿ ಮೇಲೆ ಮೂರು ಬೆರಳು ವಿಭೂತಿ ಎಳೆದು, ಪಕ್ಕದಲ್ಲಿ ಕುಂಕುಮ ಇಟ್ಟು, ಒಂದು ಚೆಂಡು ಹೂ ಇಡ್ತಿದ್ಲು. "ಇದೂ ನಿನ್ನ ಆಯುಧನೇ ಅಲ್ಲೇನೋ" ಅಂತಿದ್ಲು. ಐದು ಆಯುಧ ಪೂಜೆ ಕಂಡ ಡಬ್ಬಿ ಅದು. ವಿಭೂತಿ ಉದುರಿ ಹೋಗ್ತಿತ್ತು, ಕುಂಕುಮ ಮಾತ್ರ ಬಿಳಿ ಪ್ಲಾಸ್ಟಿಕ್ಕಿಗೆ ಹತ್ತಿಕೊಂಡು ಹಂಗೇ ಉಳಿದಿತ್ತು. ನಾನೂ ಯಾವತ್ತೂ ತೊಳೆಯೋಕೆ ಹೋಗಿರಲಿಲ್ಲ.

ಮನೆಗೆ ಬಂದು ಮೂರು ತಾಸಾಯ್ತು, ಊಟ ಸೇರಿಲ್ಲ. ಇಲ್ಲಾದರೂ ಹೇಳ್ಕೊಳ್ತೀನಿ.

ವಾಟ್ಸಾಪಿನಲ್ಲಿ ಒಂಬತ್ತು ಸಾವಿರ ಅಂದಿದ್ದ. ಫೋಟೋ ನೋಡಿಯೇ ಅಂದಿದ್ದು, ಆ ಫೋಟೋದಲ್ಲಿ ಕುಂಕುಮನೂ ಕಾಣ್ತಿತ್ತು. ಬಿಸಿಲಲ್ಲಿ ಅಶೋಕ ರಸ್ತೆಯ ಟ್ರಾಫಿಕ್ ದಾಟಿ ಡಬ್ಬಿ ಎದೆಗೆ ಅವುಚಿಕೊಂಡು ಹೋದರೆ ಏಳು ಅಂದ. ಆಮೇಲೆ ಐನೂರು ಕಟ್. 34,990 ರೂಪಾಯಿಯ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಅದು, ನನ್ನ ಮೊದಲ ವರ್ಷದ ಸಂಬಳದಲ್ಲಿ ತಗೊಂಡಿದ್ದು. ಹೋಗಲಿ, ರೇಟಿನ ವಿಷಯ ಬಿಡಿ. ಹಳೇ ಮಾಲಿಗೆ ಕೊಂಕು ಹುಡುಕೋದು ವ್ಯಾಪಾರದ ರೀತಿ, ಮಂಡಿಪೇಟೆಯಲ್ಲಿ ಬೆಳೆದ ನನಗೆ ಅದು ಗೊತ್ತಿಲ್ಲದ್ದಲ್ಲ. ಆದರೆ ನಮ್ಮಪ್ಪ ಮೂವತ್ತು ವರ್ಷ ತಕ್ಕಡಿ ಹಿಡಿದರೂ ಯಾವ ರೈತನ ಎದುರಿಗೂ ಅವನ ಚೀಲವನ್ನ ಕಾಲಲ್ಲಿ ತಳ್ಳಿದವನಲ್ಲ.

ನನಗಿಂತ ಮುಂಚೆ ಒಬ್ಬ ಪಿಎಸ್5, ಅಂದ್ರೆ ಸೋನಿಯವರ ಪ್ಲೇಸ್ಟೇಷನ್ 5, ಅದರ ಆಟದ ಡಿಸ್ಕುಗಳನ್ನ ತಂದಿದ್ದ, ನಾಲ್ಕು. ಅಂಗಡಿಯವನು ಒಂದೊಂದನ್ನೇ ಟ್ಯೂಬ್‌ಲೈಟ್ ಕೆಳಗೆ ತಿರುವಿ ಗೀರು ಐತಾ ನೋಡಿ, ಗಲ್ಲಾ ತೆಗೆದು ನೋಟು ಎಣಿಸಿ ಕೊಟ್ಟ. ಅವನು ಜೇಬಿಗೆ ಹಾಕ್ಕೊಂಡು ಹೊಂಟ. ಆಮೇಲೆ ನನ್ನ ಕಡೆ ತಿರುಗಿ "ಡಿಸ್ಕ್ ತೆಗೀರಿ" ಅಂದ. ಇದಕ್ಕೆ ಡಿಸ್ಕ್ ಹಾಕೋ ಜಾಗನೇ ಇಲ್ಲ ಅಂದೆ.

"ಹಂಗಾರೆ ಆಟ?"

"ಅಕೌಂಟ್‌ನಾಗೆ ಅದಾವೆ. ನೂರಾ ನಲವತ್ತು."

"ಅಕೌಂಟ್ ತಗೊಂಡು ನಾನೇನ್ ಮಾಡ್ಲಿ ಬಾಸ್, ಉಪ್ಪಿನಕಾಯಿ ಹಾಕ್ಲಾ?"

ಕೌಂಟರ್ ಮುಂದಿದ್ದ ನಾಲ್ಕು ಜನ ನಕ್ಕರು. ಅದೂ ಹೋಗಲಿ ಅಂದ್ಕೊಂಡೆ. ಅಷ್ಟೊತ್ತಿಗೆ ಹಿಂದಿನಿಂದ "ಅಣ್ಣಾ?" ಅಂತ ಕೇಳಿಸ್ತು.

ನಮ್ಮ ಬೀದಿಯ ಹುಡುಗ. ಈಗ ಬಿ.ಇ. ಓದ್ತಿದಾನೆ. ಕಂಟ್ರೋಲರಿನ ಸ್ಟಿಕ್ ತಾನಾಗೇ ಎಡಕ್ಕೆ ಎಳೀತತಿ ಅಂತ ರಿಪೇರಿಗೆ ತಂದಿದ್ದ. ಈ ಹುಡುಗನಿಗೆ ಎಕ್ಸ್‌ಬಾಕ್ಸ್ ಕೊಡಿಸಿದ್ದೇ ನಾನು. ಪಿಎಸ್5 ಬೇಕು ಅಂತಿದ್ದವನನ್ನ ಕೂರಿಸಿಕೊಂಡು ಒಂದೂವರೆ ತಾಸು ಹೇಳಿದ್ದೆ. ನಮ್ಮದು 2020ರ ನವೆಂಬರ್ 10ಕ್ಕೆ ಪ್ರಪಂಚಕ್ಕೆಲ್ಲ ಬಂದ ದಿನವೇ ಇಂಡಿಯಾಕ್ಕೂ ಬಂತು, ಪಿಎಸ್5 ಇಲ್ಲಿಗೆ ಬರೋಕೆ 2021ರ ಫೆಬ್ರವರಿ 2 ಆಯ್ತು, ಯಾರು ನಮ್ಮನ್ನ ಲೆಕ್ಕಕ್ಕೆ ಇಟ್ಟಿದಾರೆ ನೀನೇ ನೋಡು ಅಂದಿದ್ದೆ. ತಿಂಗಳಿಗೆ ಇಷ್ಟು ಕಟ್ಟಿದ್ರೆ ಗೇಮ್ ಪಾಸ್‌ನಲ್ಲಿ ನೂರಾರು ಆಟ, ಒಂದೊಂದು ಡಿಸ್ಕಿಗೆ ನಾಲ್ಕು ಸಾವಿರ ಯಾಕೆ ಸುರೀತೀಯ ಅಂದಿದ್ದೆ. ಅವರಪ್ಪನ ಹತ್ರನೂ ನಾನೇ ಹೋಗಿ ಮಾತಾಡಿ ಒಪ್ಪಿಸಿದ್ದೆ.

ಅವನು ಕೌಂಟರ್ ಮೇಲಿನ ಡಬ್ಬಿ ನೋಡಿದ, ನನ್ನ ಮುಖ ನೋಡಿದ. "ಅಣ್ಣಾ, ನೀವು ಮಾರ್ತಿದೀರಾ?"

ನಾನು ಇಲ್ಲ ಅಂದೆ. ಇಲ್ಲ ಅಂತ ಸುಳ್ಳು ಹೇಳಿದೆ, ಡಬ್ಬಿ ಕಣ್ಣೆದುರಿಗೇ ಇರುವಾಗ. ಅಂಗಡಿಯವನು ಬಿಡಬೇಕಲ್ಲ, "ಯಾಕಪ್ಪಾ, ನಿಂಗೆ ಇವರು ಗೊತ್ತಾ?" ಅಂದ. ಹುಡುಗ ಪಾಪ, ಕಪಟ ಇಲ್ಲ, "ಇವರೇ ನಂಗೆ ಎಕ್ಸ್‌ಬಾಕ್ಸ್ ತಗೋ ಅಂತ ಹೇಳಿದ್ದು" ಅಂದುಬಿಟ್ಟ.

"ಓಹೋ, ಉಪದೇಶ ಮಾಡಿದ ಗುರುಗಳು ಇವರೇ ಏನು? ಗುರುಗಳೇ ಮಠ ಬಿಟ್ಟು ಹೊಂಟಾರಲ್ಲಪ್ಪಾ! ನಿಂದೂ ತಗೊಂಬಾ, ಐದು ಕೊಡ್ತೀನಿ."

ಇಡೀ ಅಂಗಡಿ ನಕ್ಕಿತು. ಹುಡುಗ ನಗಲಿಲ್ಲ. ತನ್ನ ಕಂಟ್ರೋಲರ್ ಕಡೆ ನೋಡ್ಕೊಂಡು ನಿಂತ. ಅವನೂ ನಕ್ಕಿದ್ದರೆ ನಾನು ಈ ಹೊತ್ತಿಗೆ ಮಲಗಿರ್ತಿದ್ದೆ.

ಅಷ್ಟಕ್ಕೇ ಮುಗೀಲಿಲ್ಲ. ರೀಸೆಟ್ ಮಾಡ್ಬೇಕು ಅಂತ ಡಬ್ಬಿಯನ್ನ ಗೋಡೆ ಮೇಲಿನ ದೊಡ್ಡ ಟಿವಿಗೆ ಹಾಕಿದ. ಹಸಿರು ಲೋಗೋ ಬಂತು, ನನ್ನ ಪ್ರೊಫೈಲ್ ಬಂತು. ಕೆಲಸದ ಹುಡುಗ ಜೋರಾಗಿ ಓದಿದ, "ಹೊಂಡದ ಹುಲಿ!" 2011ರಲ್ಲಿ ಮಾವ ಆಗಿನ ಎಕ್ಸ್‌ಬಾಕ್ಸ್ 360 ತಂದುಕೊಟ್ಟಾಗ ನಾನೂ ನಮ್ಮಣ್ಣನೂ ಸೇರಿ ಇಟ್ಟ ಹೆಸರು ಅದು. ಆಗ ನಮ್ಮನೆ ಹೊಂಡದ ಸರ್ಕಲ್ ಹತ್ರ ಇತ್ತು. ಆ ಹೆಸರಿನ ಕೆಳಗೆ ನನ್ನ ಗೇಮರ್‌ಸ್ಕೋರ್, ಅರವತ್ತೊಂದು ಸಾವಿರ ಚಿಲ್ಲರೆ. ಒಂದು ಆಟವನ್ನ ಮೂಲೆ ಮೂಲೆ ಬಿಡದೆ ಮುಗಿಸಿದರೆ ಒಂದು ಸಾವಿರ ಬರೋದು. ಯಾವ ರಾತ್ರಿ ಯಾವುದನ್ನ ಮುಗಿಸಿದೆ ಅಂತ ದಿನಾಂಕ ಸಮೇತ ಇರುತ್ತೆ ಅದರಲ್ಲಿ. ಅಣ್ಣ ಕೆಲಸಕ್ಕೆ ಅಂತ ಊರು ಬಿಟ್ಟ ಹಿಂದಿನ ರಾತ್ರಿ ಇಬ್ಬರೂ ಸೇರಿ ಮುಗಿಸಿದ ಹಾಲೋ ಅನ್ನೋ ಶೂಟಿಂಗ್ ಆಟದ್ದೂ ಇದೆ. ಸಿಸ್ಟಮ್, ಕನ್ಸೋಲ್ ಇನ್ಫೋ, ರೀಸೆಟ್, ಎಲ್ಲಾ ತೆಗೆ ಅಂತ ಒಂದೊಂದೇ ಒತ್ತುತ್ತಾ ಹೋಗಬೇಕು. ನನ್ನ ಕೈಗೆ ಕಂಟ್ರೋಲರ್ ಕೊಡಬಹುದಿತ್ತು. ಕೊಡಲಿಲ್ಲ, ಅವನೇ ಒತ್ತಿದ.

ನಂಗೆ ಗೊತ್ತು, ಅಕೌಂಟ್ ಎಲ್ಲೂ ಹೋಗಿಲ್ಲ. ಸೇವ್‌ಗಳೆಲ್ಲ ಕ್ಲೌಡಿನಲ್ಲಿ ಅದಾವೆ. ಆದರೆ ಈಗ ಮನೆಗೆ ತಂದಿರೋ ಪಿಎಸ್5ಗೆ ಅದರಲ್ಲಿ ಒಂದೂ ಬರಲ್ಲ. ನೂರಾ ನಲವತ್ತು ಆಟದಲ್ಲಿ ಒಂದೂ. ಎಫ್‌ಸಿ ಅನ್ನೋ ಫುಟ್‌ಬಾಲ್ ಆಟದಲ್ಲಿ ಆಟಗಾರರನ್ನ ಕೂಡಿಸಿ ಕಟ್ಟಿದ ಅಲ್ಟಿಮೇಟ್ ಟೀಮ್ ಅಲ್ಲೇ. ಇಲ್ಲಿ ಗೇಮರ್‌ಸ್ಕೋರ್ ಬದಲು ಟ್ರೋಫಿ, ಅದರಲ್ಲಿ ನಾನು ಲೆವೆಲ್ ಒಂದು. ನಿನ್ನೆ ಮೊನ್ನೆ ಶುರು ಮಾಡಿದ ಹುಡುಗ್ರು ನನಗಿಂತ ಮೇಲಿದಾರೆ.

ಯಾರಾದ್ರೂ ಉತ್ತರ ಕೊಡ್ರಪ್ಪ, ನಿಮ್ಮ ಕಾಲಿಗೆ ಬೀಳ್ತೀನಿ. ಸಿಮ್ ಕಂಪನಿ ಬದಲಾಯಿಸಿದರೆ ನಂಬರ್ ನಮ್ಮ ಜೊತೆಗೇ ಬರುತ್ತೆ, 2011ರ ಜನವರಿಯಿಂದ ದೇಶಕ್ಕೆಲ್ಲ ಆ ಸೌಕರ್ಯ ಇದೆ. ಫೋರ್ಟ್‌ನೈಟ್ ಆಟದಲ್ಲಿ ಅದರ ಕಂಪನಿ ಎಪಿಕ್‌ನ ಅಕೌಂಟ್ ಜೋಡಿಸಿದರೆ ವೇಷ, ಲೆವೆಲ್ ಎಲ್ಲಾ ಈ ಕಡೆಯಿಂದ ಆ ಕಡೆಗೆ ಬರುತ್ತೆ, ಅಂದಮೇಲೆ ಆಗದ ಕೆಲಸ ಏನಲ್ಲ. ಹಂಗಿದ್ರೆ ನಾನು ದುಡ್ಡು ಕೊಟ್ಟ ಆಟ ಯಾಕೆ ಬರಲ್ಲ? ಕೊಂಡಿದ್ದು ಆಟ ಅಲ್ಲ, ಆಡೋ ಲೈಸೆನ್ಸು ಅಂತೀರಿ, ಓದಿದೀನಿ. ಆದರೆ ದುಡ್ಡು ಕಟ್ಟೋ ಬಟನ್ ಮೇಲೆ "ಖರೀದಿಸಿ" ಅಂತಾನೇ ತಾನೇ ಬರೆದಿದ್ದು? ಮಾರೋಕೂ ಬರಲ್ಲ, ತಮ್ಮನಿಗೆ ಕೊಡೋಕೂ ಬರಲ್ಲ ಅಂದ್ರೆ ಅದು ಎಂಥಾ ಖರೀದಿ? ಹೇಳ್ರಿ ಯಾರಾದ್ರೂ.

ಇನ್ನೊಂದು ಮಾತು ಹೇಳಲೇಬೇಕು, ಇದೇ ಎಲ್ಲಕ್ಕಿಂತ ಜಾಸ್ತಿ ಚುಚ್ತಿರೋದು. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಬರೋ ಮುಂಚೆ, ಎಕ್ಸ್‌ಬಾಕ್ಸ್ ಮಾಡೋ ಮೈಕ್ರೋಸಾಫ್ಟ್‌ನವರು ಹಳೇ ಡಿಸ್ಕು ಮಾರೋಕೆ, ಒಬ್ಬರಿಗೊಬ್ಬರು ಕೊಡೋಕೆ ನಿರ್ಬಂಧ ಹಾಕ್ತೀವಿ ಅಂತ ಹೊರಟಿದ್ದರು. ಸೋನಿಯವರು ಆಗ ಒಂದು ಪುಟ್ಟ ವಿಡಿಯೋ ಬಿಟ್ಟರು, ಒಬ್ಬ ಇನ್ನೊಬ್ಬನ ಕೈಗೆ ಡಿಸ್ಕ್ ಕೊಡ್ತಾನೆ, ಅಷ್ಟೇ, ಆಟ ಹಂಚಿಕೊಳ್ಳೋದು ಹಿಂಗೆ ಅಂತ. ಜನ ಗಲಾಟೆ ಮಾಡಿದ ಮೇಲೆ ಆ ಜೂನ್‌ನಲ್ಲೇ ಮೈಕ್ರೋಸಾಫ್ಟ್‌ನವರು ನಿರ್ಬಂಧ ವಾಪಸ್ ತಗೊಂಡರು. ಆವಾಗ ನಾನು ದೊಡ್ಡಪ್ಪನ ಮಗನ ಜೊತೆ ಜಗಳ ಆಡಿ, ಡಿಸ್ಕಿನ ಕಾಲ ಮುಗೀತು ಕಣೋ, ಇನ್ನೇನಿದ್ರೂ ಅಕೌಂಟೇ ಅಂದಿದ್ದೆ. ಅವನು ಪ್ಲೇಸ್ಟೇಷನ್. ಆರು ತಿಂಗಳು ಮಾತು ಬಿಟ್ಟಿದ್ವಿ ಅದೊಂದು ವಿಷಯಕ್ಕೆ. ಇವತ್ತು ಅವನ ಹಳೇ ಡಿಸ್ಕಿಗೆ ಬೆಲೆ ಇದೆ, ನನ್ನ ಅಕೌಂಟಿಗಿಲ್ಲ.

ಯಾಕೆ ಬಿಟ್ಟೆ ಅಂತ ಕೇಳ್ತೀರಿ. ಬಿಡಬಾರದಿತ್ತು. ಇಲ್ಲ, ಬಿಡಲೇಬೇಕಿತ್ತು. 2025ರ ಏಪ್ರಿಲ್‌ನಲ್ಲಿ ಎಕ್ಸ್‌ಬಾಕ್ಸಿನವರದ್ದೇ ಕಾರ್ ರೇಸ್ ಆಟ ಫೋರ್ಜಾ ಹೊರೈಝನ್ 5 ಪಿಎಸ್5ಗೆ ಬಂತು. ಅಕ್ಟೋಬರ್‌ನಲ್ಲಿ ಗೇಮ್ ಪಾಸ್ ಅಲ್ಟಿಮೇಟ್ ತಿಂಗಳಿಗೆ 829 ಇದ್ದದ್ದು 1,389 ಆಯ್ತು. ಅದೇ ತಿಂಗಳು ಹಾಲೋ ಕೂಡ ಪಿಎಸ್5ಗೆ ಬರುತ್ತೆ ಅಂತ ಘೋಷಣೆ ಮಾಡಿದ್ರು. ಹಾಲೋ! ನಾನು ಜಗಳದಲ್ಲಿ ಸೋತು ಸೋತು ಕೊನೆಗೆ ಎತ್ತಿ ಹಿಡೀತಿದ್ದ ಒಂದೇ ಒಂದು ಹೆಸರು ಅದು, "ಹಾಲೋ ಐತಾ ನಿಮ್ಮತ್ರ?" ಅಂತ. ಗೆಳೆಯರೆಲ್ಲ ಆ ಕಡೆ ಹೋಗಿ ವರ್ಷಗಳಾದವು. ರಾತ್ರಿ ಹತ್ತು ಗಂಟೆಗೆ ಆನ್ ಮಾಡಿದರೆ ಫ್ರೆಂಡ್ಸ್ ಲಿಸ್ಟಿನಲ್ಲಿ ಒಬ್ಬನೂ ಇರ್ತಿರಲಿಲ್ಲ, ನಮ್ಮಣ್ಣ ಕೂಡ. ಇರ್ತಿದ್ದದ್ದು ಆ ಹುಡುಗ ಒಬ್ಬನೇ. "ಅಣ್ಣಾ, ಒಂದು ಮ್ಯಾಚ್?" ಅಂತ ಮೆಸೇಜ್ ಹಾಕೋನು.

ಪಿಎಸ್5 ಚೆನ್ನಾಗಿದೆ, ಸುಳ್ಳು ಹೇಳಲ್ಲ. ಕಂಟ್ರೋಲರ್ ಕೈಯಲ್ಲಿ ಹಿಡಿದರೆ ಮಳೆ ಹನಿ ಬಿದ್ದಂಗೆ ಸಣ್ಣಗೆ ಅದುರುತ್ತೆ. ಸೆಲ್ ಹಾಕೋ ರಗಳೆ ಇಲ್ಲ, ಚಾರ್ಜಿಗೆ ಹಾಕಿದರೆ ಆಯ್ತು. ಆದರೆ ತೆರೆ ಮೇಲೆ ಎಕ್ಸ್ ಗುರುತು ಬಂದ ತಕ್ಷಣ ನನ್ನ ಹೆಬ್ಬೆರಳು ಎಡಕ್ಕೆ ಹೋಗುತ್ತೆ. ಎಕ್ಸ್‌ಬಾಕ್ಸಿನಲ್ಲಿ ಎಕ್ಸ್ ಇರೋದು ಎಡಕ್ಕೆ, ಇದರಲ್ಲಿ ಕೆಳಗೆ. ಈಗ ಹತ್ತು ನಿಮಿಷ ಆಡೋಕೆ ನೋಡಿದೆ, ಹತ್ತು ನಿಮಿಷದಲ್ಲಿ ಎಂಟು ಸಲ ತಪ್ಪು ಒತ್ತಿದೆ. ಹದಿನಾಲ್ಕು ವರ್ಷದ ಅಭ್ಯಾಸ, ಬೆರಳಿಗೆ ಏನಂತ ಹೇಳ್ಲಿ.

ಹತ್ತೂವರೆಗೆ ಅವ್ವ ಒಳಗಿಂದ ಬಂದು ಟಿವಿ ಕೆಳಗೆ ನೋಡಿ, "ಇದೇನೋ, ಆ ಸಣ್ಣದು ಎಲ್ಲಿ ಹೋಯ್ತು?" ಅಂದ್ಲು. ಕೊಟ್ಟೆ ಅಂದೆ. ಯಾರಿಗೆ ಅಂದ್ಲು. ಉತ್ತರ ಬರಲಿಲ್ಲ ನನ್ನ ಬಾಯಿಂದ. "ಒರೆಸಿ ಕೊಟ್ಟೆ ತಾನೇ, ಕುಂಕುಮ ಇಟ್ಟಿದ್ದನ್ನ ಹಂಗೇ ಕೊಡಬಾರ್ದು" ಅಂದು ಒಳಗೆ ಹೋದ್ಲು.

ಆಗ್ಲೇ ನಿರ್ಧಾರ ಮಾಡಿದ್ದು. ಅಂಗಡಿಯವನೇ, ಒಂಬತ್ತನ್ನ ಏಳಕ್ಕೆ ಇಳಿಸಿದ್ದು ನಿನ್ನ ವ್ಯಾಪಾರ, ಇರಲಿ. ಗುರುಗಳು ಅಂದಿದ್ದೂ ಇರಲಿ, ಮಠ ಅಂದಿದ್ದೂ ಇರಲಿ. ಆ ಐನೂರು ಮಾತ್ರ ನಾಳೆ ಬಂದು ಕೇಳ್ತೀನಿ, ಆ ಹುಡುಗನನ್ನ ಜೊತೆಗೆ ಕರ್ಕೊಂಡೇ ಬರ್ತೀನಿ. ಈಗಷ್ಟೇ ಅವನ ಮೆಸೇಜ್ ಬಂತು, "ಅಣ್ಣಾ, ಮಲಗಿದ್ರಾ? ನಾನೇನು ಮಾಡ್ಲಿ, ನಂದೂ ಕೊಟ್ಬಿಡ್ಲಾ?" ಅಂತ. ನಾಳೆ ಬೆಳಿಗ್ಗೆ ಮನೆ ಹತ್ರ ಬಾ ಅಂತ ಹಾಕಿದೀನಿ. ಅದಕ್ಕಿಂತ ಹೆಚ್ಚು ಬರೆಯೋಕೆ ಆಗಲಿಲ್ಲ.