ಭಾವನ ಆನೆ, ನನ್ನ ಕಾರು

ಕಾರು ತೊಳೆಯುವ ಹುಡುಗ ಹಿಂದಿನ ಬಾಗಿಲು ತೆಗೆದವನು ಒಂದು ಕ್ಷಣ ಹಾಗೇ ನಿಂತ. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದ: "ಮೇಡಂ, ಇದರಲ್ಲಿ ಹಸು ಸಾಗಿಸಿದ್ರಾ?"

"ಹಸುವಲ್ಲಪ್ಪ, ಆನೆ" ಎಂದೆ.

ಅವನು ನನ್ನ ಪುಟ್ಟ ಕಾರನ್ನು ನೋಡಿದ. ನನ್ನನ್ನು ನೋಡಿದ. ಮತ್ತೆ ಮಾತಾಡಲಿಲ್ಲ. ಮಾಮೂಲಿಗಿಂತ ಇನ್ನೂರು ರೂಪಾಯಿ ಜಾಸ್ತಿ ತಗೊಂಡು, ಮ್ಯಾಟು ತೊಳೆದು, ಸೀಟಿಗೆ ಅದೇನೋ ನೊರೆ ಹಚ್ಚಿ ಉಜ್ಜಿ, ಡ್ಯಾಶ್‌ಬೋರ್ಡ್ ಮೇಲೆ ಮಲ್ಲಿಗೆ ಪರಿಮಳದ ಡಬ್ಬಿ ಇಟ್ಟು ಕಳಿಸಿದ. ಈಗ ಏಸಿ ಹಾಕಿದರೆ ಮಲ್ಲಿಗೆ ಮುಡಿದ ಆನೆಯೊಂದು ಹಿಂದಿನ ಸೀಟಿನಲ್ಲಿ ಕೂತ ಹಾಗಿರುತ್ತದೆ. ಕಂತು ಕಟ್ಟುತ್ತಿರುವವಳು ನಾನು.

ಇದಕ್ಕೆಲ್ಲ ಕಾರಣರಾದ ನಮ್ಮ ಭಾವ ತಮ್ಮ ಕಾರಿನಲ್ಲಿ ನೆಮ್ಮದಿಯಾಗಿ ಓಡಾಡಿಕೊಂಡಿದ್ದಾರೆ. ಅವತ್ತು ಮಾತ್ರ ಅವರ ಕಾರು ಸರ್ವಿಸ್‌ಗೆ ಹೋಗಿತ್ತು. ಅವರ ಕಾರು ಯಾವಾಗಲೂ ಸರಿಯಾದ ಸಮಯಕ್ಕೆ ಸರ್ವಿಸ್‌ಗೆ ಹೋಗುತ್ತದೆ.

ಭಾವ ಒಳ್ಳೆಯವರು. ಸುಮ್ನೆ ಹೇಳ್ತಿಲ್ಲ, ನಿಜವಾಗಿಯೂ ಒಳ್ಳೆಯವರು. ಅವರದು ಒಂದೇ ತೊಂದರೆ, ನಂಬಿಕೆ. "ನಂಬಿಕೆ ಇರ್ಬೇಕು ಪುಟ್ಟಿ." ಪೆಟ್ರೋಲಿನ ಕೆಂಪು ದೀಪ ಹತ್ತಿದರೂ ಇದೇ ಮಾತು. ರೈಲು ಟಿಕೆಟ್ ವೇಟಿಂಗ್ ಲಿಸ್ಟಿನಲ್ಲಿದ್ದರೂ ಇದೇ. ಮದುವೆ ಮನೆಯಲ್ಲಿ ನೂರು ಎಲೆಗೆ ಮಾಡಿದ ಅಡುಗೆಗೆ ಇನ್ನೂರು ಜನ ಬಂದು ಕೂತಾಗಲೂ ಇದೇ. ಕೊನೆಗೆ ಎಲ್ಲ ಸರಿಹೋಗುತ್ತದೆ ಅನ್ನುವುದೇ ನನ್ನ ಹೊಟ್ಟೆಕಿಚ್ಚು. ಯಾಕೆಂದರೆ ಅಷ್ಟರೊಳಗೆ ಅಕ್ಕ ಕ್ಯಾನ್ ಹಿಡಿದು ಪೆಟ್ರೋಲ್ ಬಂಕ್ ಹುಡುಕಿಕೊಂಡು ಹೋಗಿರುತ್ತಾಳೆ. ಯಾರೋ ಹಿಂದಿನ ಬಾಗಿಲಿನಿಂದ ಓಡಿ ಹತ್ತು ಕಿಲೋ ಅಕ್ಕಿ ತಂದಿರುತ್ತಾರೆ. ಭಾವ ಎಲೆ ಮುಂದೆ ಕೂತು, "ನೋಡಿದ್ಯಾ, ನಾನು ಹೇಳಲಿಲ್ವಾ?" ಅನ್ನುತ್ತಾರೆ.

ಅವರ ಬಲಗೈಯಲ್ಲಿ ಆನೆ ಬಾಲದ ಕೂದಲಿನ ಉಂಗುರ ಇದೆ. ಯಾವುದೋ ಜಾತ್ರೆಯಲ್ಲಿ ಕೊಂಡದ್ದು. ಅದನ್ನು ಹಾಕಿಕೊಂಡವರಿಗೆ ಭಯ ಹತ್ತಿರ ಸುಳಿಯಲ್ವಂತೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಂಥದ್ದನ್ನು ಮಾರುವ ಹಾಗೂ ಇಲ್ಲ, ಕೊಳ್ಳುವ ಹಾಗೂ ಇಲ್ಲ. ಆದರೆ ಭಾವನನ್ನು ಯಾರೂ ಹಿಡಿಯುವುದಿಲ್ಲ. ಒಮ್ಮೆ ದೇವರ ದೀಪ ಹಚ್ಚುವಾಗ ಉಂಗುರಕ್ಕೆ ಬೆಂಕಿ ತಗುಲಿ ಮನೆಯೆಲ್ಲ ಪ್ಲಾಸ್ಟಿಕ್ ಕಮಟು ಹೊಡೆದಿತ್ತು. ಅಕ್ಕನಿಗೂ ನನಗೂ ಮಾತ್ರ ಗೊತ್ತು.

ಬೇಸಿಗೆ ರಜೆ, ಮಕ್ಕಳಿಗೆ ಟೆಂಟಿನಲ್ಲಿ ಮಲಗಬೇಕು. ಭಾವ ಮೊಬೈಲಿನಲ್ಲಿ ಹುಡುಕಿ ಸಕಲೇಶಪುರದ ಕಡೆ ಒಂದು ಕಾಫಿ ತೋಟದಲ್ಲಿ ಜಾಗ ಗೊತ್ತು ಮಾಡಿದರು. ಆ ಸೀಮೆಯಲ್ಲಿ, ಅಂದರೆ ಆಲೂರು, ಸಕಲೇಶಪುರ, ಬೇಲೂರಿನ ಕಡೆ, ಆನೆ ಕಾಟ ಎಷ್ಟಿದೆ ಅಂತ ಪೇಪರ್ ಓದುವವರಿಗೆಲ್ಲ ಗೊತ್ತು. 2023ರ ಗಣತಿಯಲ್ಲಿ ನಮ್ಮ ರಾಜ್ಯದಲ್ಲಿ 6,395 ಆನೆಗಳಿವೆ ಎಂದು ಲೆಕ್ಕ ಸಿಕ್ಕಿತ್ತು. ನಾನು ಇದನ್ನು ಹೇಳಿದಾಗ ಭಾವ, "ಅಷ್ಟು ಗಣಪತಿ ಇರೋ ಕಡೆ ವಿಘ್ನ ಎಲ್ಲಿಂದ ಬರುತ್ತೆ?" ಎಂದರು. ದಾರಿಯಲ್ಲಿ ಅರಣ್ಯ ಇಲಾಖೆಯವರ ಎಚ್ಚರಿಕೆ ಬೋರ್ಡ್ ಕಂಡಿತು. ಕಾರು ನಿಲ್ಲಿಸಿಸಿ, ಅದರ ಮುಂದೆ ಕೈ ಮುಗಿದುಕೊಂಡು ಫೋಟೋ ತೆಗೆಸಿಕೊಂಡರು. ಅಲ್ಲೇ ಪಕ್ಕದಲ್ಲಿ ಹಲಸಿನ ಹಣ್ಣು ಮಾರುತ್ತಿದ್ದರು.

ದೊಡ್ಡ ಹಣ್ಣು. ಚೆನ್ನಾಗಿ ಪಕ್ವವಾದದ್ದು. ತೋಟದ ಗೇಟಿನ ಹತ್ತಿರ ಬಂದಾಗ ಅಲ್ಲಿನ ರೈಟ್ರು, ಅಂದರೆ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವರು, ಕಾರಿನ ಒಳಗೆ ಇಣುಕುವ ಮೊದಲೇ ಮೂಗು ಅರಳಿಸಿದರು. ವಯಸ್ಸಾದವರು, ತಲೆಗೆ ಟವೆಲ್ಲು, ಕೈಯಲ್ಲಿ ಹಳೇ ಮೊಬೈಲು.

"ಸಾರ್, ಇದನ್ನ ಟೆಂಟ್ ಹತ್ರ ಇಟ್ಕೋಬೇಡಿ. ಇಲ್ಲಿ ತೋಟದವರೇ ಹಲಸು ಹಣ್ಣಾಗೋಕೆ ಮುಂಚೆ ಕೆಡವಿ ಹಾಕ್ತಾರೆ. ವಾಸನೆಗೆ ಬರುತ್ತೆ."

"ಏನು ಬರುತ್ತೆ?"

"ಅದೇ" ಎಂದರು ರೈಟ್ರು. ಹೆಸರು ಹೇಳಲಿಲ್ಲ. "ಕೊಡಿ, ನಮ್ಮ ಲೈನ್ ಮನೆ ಹುಡುಗ್ರು ಈಗ್ಲೇ ತಿಂದು ಮುಗಿಸ್ತಾರೆ."

ನೂರೈವತ್ತು ರೂಪಾಯಿ ಕೊಟ್ಟ ಹಣ್ಣು. ಭಾವ ಏನು ಹೇಳಿದರು ಅಂತ ನಾನು ಬರೆಯಬೇಕಾಗಿಲ್ಲ, ಅಲ್ವಾ? ಹೇಳಿದ ಮೇಲೆ ಅದಕ್ಕೊಂದು ಬೆಡ್‌ಶೀಟ್ ಸುತ್ತಿ, ತಾವೂ ನಮ್ಮವರೂ ಮಲಗುವ ಟೆಂಟಿನ ಬಾಗಿಲಲ್ಲಿ ಇಟ್ಟುಕೊಂಡರು. ನಾನು, ಅಕ್ಕ, ಮಕ್ಕಳು ಪಕ್ಕದ ಟೆಂಟಿನಲ್ಲಿ.

ಆನೆ ನಡೆದರೆ ಭೂಮಿ ನಡುಗುತ್ತದೆ ಅನ್ನುವುದೆಲ್ಲ ಸುಳ್ಳು. ಅದರ ಪಾದದಡಿ ಮೆತ್ತನೆ ಕೊಬ್ಬಿನ ದಿಂಬಿರುತ್ತದೆ. ಅಷ್ಟು ದೊಡ್ಡ ದೇಹ ಒಣಗಿದ ಎಲೆಗಳ ಮೇಲೆ ಬಂದರೂ ಗೊತ್ತಾಗಲ್ಲ. ನನಗೆ ಮೊದಲು ಕೇಳಿದ್ದು ಗುಡುಗುಡು ಅನ್ನುವ ಸದ್ದು. ಭಾವನ ಗೊರಕೆ ಅಂದುಕೊಂಡೆ. ಆದರೆ ಗೊರಕೆ ಎಡಗಡೆಯಿಂದ ಬರಬೇಕಿತ್ತು, ಇದು ಮೇಲಿಂದ ಬರುತ್ತಿತ್ತು. ಆಮೇಲೆ ಬೆಳದಿಂಗಳಿಗೆ ಟೆಂಟಿನ ಬಟ್ಟೆ ಮೇಲೆ ಒಂದು ಕಿವಿಯ ನೆರಳು ಬಿತ್ತು. ಒಂದೇ ಕಿವಿ. ಅದು ನಿಧಾನಕ್ಕೆ ಹಿಂದೆ ಮುಂದೆ ಆಡುತ್ತಿತ್ತು. ಅಕ್ಕ ನನ್ನ ಮೊಣಕೈ ಹಿಡಿದಳು. ಆ ಗುರುತು ಹೋಗಲು ಬಹಳ ದಿನ ಬೇಕಾಯಿತು.

ಆಗ ಪಕ್ಕದ ಟೆಂಟಿನಿಂದ ಭಾವನ ದನಿ. ನಡುಗುತ್ತಿತ್ತು, ಆದರೆ ರಾಗ ತಪ್ಪಿರಲಿಲ್ಲ. ಗಣಪತಿ ಶ್ಲೋಕ ಶುರು ಮಾಡಬೇಕು ಅಂತ ಅವರ ಮನಸ್ಸಿನಲ್ಲಿ ಇತ್ತಂತೆ. ಭಯಕ್ಕೆ ಬಾಯಿಂದ ಹೊರಟದ್ದು ಅನ್ನಪೂರ್ಣೆಯ ಶ್ಲೋಕ. ಊಟಕ್ಕೆ ಕೂತಾಗ ಹೇಳುತ್ತೇವಲ್ಲ, ಅದೇ. ಆನೆಗೆ ಅದಕ್ಕಿಂತ ಸ್ಪಷ್ಟವಾಗಿ ಇನ್ಯಾರು ಹೇಳುತ್ತಾರೆ? ಶ್ಲೋಕ ಎರಡನೇ ಸಾಲಿಗೆ ಬರುವಷ್ಟರಲ್ಲಿ ಅದು ಬೆಡ್‌ಶೀಟ್ ಎಳೆಯಿತು. ಟೆಂಟಿನ ಹಗ್ಗ ಟಪ್ ಅಂತ ಕಿತ್ತುಬಂತು. ಶ್ಲೋಕ ಅಲ್ಲಿಗೇ ನಿಂತಿತು. ನಮ್ಮವರು ಭಾವನ ಬಾಯಿ ಒತ್ತಿ ಹಿಡಿದಿದ್ದರು. ಮದುವೆಯಾದಾಗಿನಿಂದ ಭಾವನ ಎದುರು ಒಂದು ಮಾತಾಡದ ಮನುಷ್ಯ.

ತೋಟದ ಆಳುಗಳಿರುವ ಲೈನ್ ಮನೆಯ ಕಡೆಯಿಂದ ರೈಟ್ರ ದನಿ ಬಂತು. ಕೂಗಲಿಲ್ಲ. ಮಾಮೂಲಿ ದನಿಯಲ್ಲಿ, "ಯಾರೂ ಲೈಟ್ ಹಾಕ್ಬೇಡಿ. ಅಲ್ಲಾಡ್ಬೇಡಿ. ತಿಂದು ಹೋಗುತ್ತೆ" ಎಂದರು.

ತಿಂದಿತು. ಕಾಲಿನಲ್ಲಿ ಒಂದು ಸಲ ಅದುಮಿದ ಸದ್ದು, ಹಣ್ಣು ಬಿರಿದ ಸದ್ದು, ಆಮೇಲೆ ಚಪ್ಪರಿಸುವ ಸದ್ದು. ಇಡೀ ಹಣ್ಣು. ನಾವು ಒಂದು ತೊಳೆಯನ್ನೂ ತಿಂದಿರಲಿಲ್ಲ. ಇಷ್ಟು ಭಯದಲ್ಲೂ ನನಗೆ ಅದೊಂದು ಹೊಟ್ಟೆ ಉರಿಯಿತು. ಸ್ವಲ್ಪ ಹೊತ್ತಾದ ಮೇಲೆ ಏನೋ ಧಪ್ ಧಪ್ ಎಂದು ಬಿತ್ತು. ಎಲ್ಲೋ ಪೈಪು ಮುರಿದ ಹಾಗಾಯಿತು. ಮತ್ತೆ ಏನೂ ಕೇಳಲಿಲ್ಲ. ಹೋಯಿತೋ, ಅಲ್ಲೇ ನಿಂತಿದೆಯೋ ಗೊತ್ತಾಗದೆ, ರೈಟ್ರು ಬಂದು ಬಟ್ಟೆ ತಟ್ಟುವವರೆಗೂ ನಾವು ಉಸಿರು ಬಿಗಿಹಿಡಿದು ಕೂತಿದ್ದೆವು.

ಬೆಳಗಾಯಿತು. ನಿಜವಾದ ಕಷ್ಟ ಆಗ ಶುರುವಾಯಿತು.

ಧಪ್ ಧಪ್ ಎಂದು ಬಿದ್ದದ್ದು ಲದ್ದಿ. ಟೆಂಟಿನ ಬಾಗಿಲಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಒಂದೊಂದು ಉಂಡೆಯೂ ತೆಂಗಿನಕಾಯಿಗಿಂತ ದಪ್ಪ. ಆನೆ ದಿನಕ್ಕೆ 150 ಕಿಲೋ ತನಕ ತಿನ್ನುತ್ತದಂತೆ, ಅದರಲ್ಲಿ ಅರ್ಧದಷ್ಟೂ ಜೀರ್ಣವಾಗಲ್ಲವಂತೆ. ನೋಡಿದರೆ ಗೊತ್ತಾಗುತ್ತಿತ್ತು. ಹುಲ್ಲಿನ ನಾರು ನಾರಾಗಿಯೇ ಇತ್ತು, ಬಿದಿರಿನ ಸಿಬಿರು ಸಿಬಿರಾಗಿಯೇ ಇತ್ತು. ನಡುನಡುವೆ ಹಲಸಿನ ಬೀಜಗಳು ಒಂದು ಗೀರೂ ಇಲ್ಲದೆ ಹೊಳೆಯುತ್ತಿದ್ದವು. ನಮ್ಮ ಹಣ್ಣಿನವಲ್ಲ, ನಿನ್ನೆ ಇನ್ಯಾರದೋ ತೋಟದಲ್ಲಿ ತಿಂದವು.

ಭಾವ ಚಪ್ಪಲಿ ಬಿಟ್ಟರು. ನನಗೆ ಆಗಲೇ ಅನುಮಾನ ಬಂತು. ಪ್ಯಾಂಟ್ ಮಡಚಿದರು. "ಭಾವ, ಬೇಡ" ಎಂದೆ. ಅವರು ಕಣ್ಣು ಮುಚ್ಚಿ, ಬಲಗಾಲು ಮೊದಲು ಮಾಡಿ, ಗೃಹಪ್ರವೇಶಕ್ಕೆ ಹೊಸ್ತಿಲು ದಾಟುವವರ ಗಾಂಭೀರ್ಯದಲ್ಲಿ ಲದ್ದಿಯೊಳಗೆ ಕಾಲಿಟ್ಟರು. ಹಿಮ್ಮಡಿ ಮುಳುಗಿತು. ಮುಖದ ಮೇಲೆ ಒಂದು ತೃಪ್ತಿ.

"ಒಳಗೆ ಇನ್ನೂ ಬೆಚ್ಚಗಿದೆ" ಎಂದು ವರದಿ ಕೊಟ್ಟರು. "ಆನೆ ಲದ್ದಿ ತುಳಿದ್ರೆ ಜನ್ಮದಲ್ಲಿ ಕಾಲು ಒಡೆಯಲ್ಲ. ಬನ್ನಿ, ಬನ್ನಿ. ಇದು ಕೊಂಡ್ರೂ ಸಿಗಲ್ಲ."

ವಯಸ್ಸಿನ ಪ್ರಕಾರ ಕರೆಯತೊಡಗಿದರು. ಮೊದಲು ಅಕ್ಕ. ಅವಳು, "ನನ್ನ ಕಾಲು ಸರಿಯಾಗಿದೆ, ತಲೆ ಒಡೀತಿದೆ, ಅದಕ್ಕೇನಾದ್ರೂ ಇದೆಯಾ?" ಎಂದಳು. ಆಮೇಲೆ ನಮ್ಮವರು. ರಾತ್ರಿ ಬಾಯಿ ಮುಚ್ಚಿದ್ದರ ಪ್ರಾಯಶ್ಚಿತ್ತವೋ ಏನೋ, ಹೋಗಿ ನಿಂತರು. ಸಾಕ್ಸ್ ಹಾಕಿಕೊಂಡು. "ಸಾಕ್ಸ್ ಇದ್ರೆ ಫಲ ಇಲ್ಲ" ಎಂದು ಭಾವ ಬಿಚ್ಚಿಸಿದರು. ಮಕ್ಕಳನ್ನು ಕರೆಯಬೇಕಾಗಿರಲಿಲ್ಲ. ಅವರು ಅಷ್ಟು ಹೊತ್ತಿಗೆ ಅದರಲ್ಲಿ ಕುಣಿಯುತ್ತಿದ್ದರು. ಸ್ಕೂಲ್ ಶೂಗೆ ಒಂದು ಹನಿ ಕೆಸರು ತಗುಲಿದರೆ ಗೋಳಾಡುವ ನನ್ನ ಮಗ ಎರಡೂ ಕಾಲಿನಿಂದ ಜಿಗಿದು, "ಅಮ್ಮಾ, ಇನ್ನೊಂದು ಉಂಡೆ ನಿಂಗೆ ಇಟ್ಟಿದೀನಿ" ಎಂದ.

ಕಾಲು ತೊಳೆಯೋಣ ಅಂದರೆ ನೀರಿಲ್ಲ. ರಾತ್ರಿ ಮುರಿದದ್ದು ಟ್ಯಾಂಕಿನ ಪೈಪು.

ಇಷ್ಟಕ್ಕೇ ಮುಗಿದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಭಾವ ಒಂದು ಕವರಿನಲ್ಲಿ ಎರಡು ಉಂಡೆ ತುಂಬಿಸಿಕೊಂಡರು. ಒಂದು ಅವರ ತಾಯಿಗೆ, ಒಂದು ಅಪಾರ್ಟ್‌ಮೆಂಟಿನ ಅಧ್ಯಕ್ಷರಿಗೆ. "ಕವರು ಗಟ್ಟಿ ಇದೆಯಾ ಭಾವ?" ಎಂದು ಕೇಳಿದೆ. ಕೇಳಬಾರದಿತ್ತು, ಉತ್ತರ ಗೊತ್ತಿದ್ದದ್ದೇ. ಚನ್ನರಾಯಪಟ್ಟಣ ದಾಟುವಷ್ಟರಲ್ಲಿ ಕವರು ತೂತಾಗಿತ್ತು.

ಹೊರಡುವ ಮೊದಲು ರೈಟ್ರು ಕಾಫಿ ಕೊಟ್ಟರು. ಭಾವ ಉತ್ಸಾಹದಿಂದ, "ನೋಡಿದ್ರಾ ರೈಟ್ರೆ, ನಂಬಿಕೆ ಇದ್ರೆ ಏನೂ ಆಗಲ್ಲ" ಎಂದರು.

"ನಂಬಿಕೆ ನಮಗೂ ಇದೆ ಸಾರ್" ಎಂದರು ಅವರು. "ಬೆಳಿಗ್ಗೆ ತೋಟಕ್ಕೆ ಇಳಿಯೋ ಮುಂಚೆ ದಿನಾ ಕೈ ಮುಗೀತೀನಿ. ಆಮೇಲೆ ಆನೆ ಎಲ್ಲಿದೆ ಅಂತ ಮೊಬೈಲಲ್ಲಿ ಮೆಸೇಜ್ ನೋಡ್ತೀನಿ. ಎರಡೂ ಮಾಡ್ತೀನಿ. ಹಲಸಿನ ಹಣ್ಣು ಪಕ್ಕದಲ್ಲಿಟ್ಕೊಂಡು ಕೈ ಮುಗಿಯಲ್ಲ."

ಭಾವ ಕಾಫಿ ಊದಿಕೊಂಡು ಕುಡಿದರು.

ಅಲ್ಲೇ ಕಟ್ಟೆಯ ಮೇಲೆ ಕೂತು ರೈಟ್ರು ಅರ್ಜುನನ ಸುದ್ದಿ ತೆಗೆದರು. ದಸರೆಯಲ್ಲಿ ಎಂಟು ಸಲ 750 ಕಿಲೋ ಅಂಬಾರಿ ಹೊತ್ತ ಅರ್ಜುನ. ಕಾಡಾನೆ ಹಿಡಿಯುವ ಕೆಲಸಕ್ಕೆ ಕರೆತಂದಿದ್ದರು. 2023ರ ಡಿಸೆಂಬರ್ 4ರಂದು ಅದೇ ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆಯೊಂದಿಗೆ ಕಾದಾಡುತ್ತಾ ಸತ್ತ. "ಭತ್ತ ಕಳ್ಕೊಂಡೋರೂ ಅತ್ರು ಸಾರ್. ಕಾಫಿ ಗಿಡ ಕಳ್ಕೊಂಡೋರೂ ಅತ್ರು. ಇಷ್ಟು ಕಾಟ ಕೊಡೋ ಜಾತಿಗೆ ಯಾಕೆ ಅಳ್ತೀವೋ ಏನೋ." ಅಷ್ಟು ಹೇಳಿ ಲೋಟ ತೆಗೆದುಕೊಂಡು ಒಳಗೆ ಹೋದರು. ಪೈಪು ಸರಿಮಾಡಿಸುವುದಿತ್ತು.

ಮನೆಗೆ ಬಂದು ಅಮ್ಮನಿಗೆ ಫೋನ್ ಮಾಡಿ ಭಾವನ ಮೇಲೆ ಚಾಡಿ ಹೇಳಿದೆ. ಅಮ್ಮ ನಕ್ಕಳು. "ನಿಮ್ಮಪ್ಪನೂ ಹಂಗೇ ಅಲ್ವೇನೇ ಇದ್ದದ್ದು?"

ಮರೆತೇ ಹೋಗಿತ್ತು. ನಾವು ಮೈಸೂರಿನಲ್ಲಿದ್ದಾಗ, ದ್ರೋಣ ಅಂಬಾರಿ ಹೊರುತ್ತಿದ್ದ ಕಾಲ. ದಸರೆಗೆ ಮುಂಚೆ ಆನೆಗಳನ್ನು ಅರಮನೆಯಿಂದ ಬನ್ನಿಮಂಟಪದವರೆಗೆ ತಾಲೀಮಿಗೆ ನಡೆಸುತ್ತಾರಲ್ಲ, ಅಪ್ಪ ಅಕ್ಕನನ್ನೂ ನನ್ನನ್ನೂ ಸಯ್ಯಾಜಿರಾವ್ ರಸ್ತೆಗೆ ಕರೆದುಕೊಂಡು ಹೋಗುತ್ತಿದ್ದರು. ಆನೆ ನೋಡಲು ಅಂತ ಹೆಸರು. ಅಸಲಿಗೆ ಲದ್ದಿ ತುಳಿಸಲು. ಬೇರೆ ಮಕ್ಕಳು ಓಡಿಬರುವ ಮೊದಲೇ ನನ್ನ ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿ, ಅದರ ನಟ್ಟನಡುವೆ ಇಳಿಸುತ್ತಿದ್ದರು. ಸೈಕಲ್ ಕ್ಯಾರಿಯರ್ ಮೇಲೆ ಕೂತು, ಎಲ್ಲಿಗೂ ತಗುಲದ ಹಾಗೆ ಕಾಲು ಅಗಲಿಸಿಕೊಂಡು ಮನೆಗೆ ಬರುತ್ತಿದ್ದೆ. ಬಚ್ಚಲಲ್ಲಿ ಕಾಲು ತೊಳೆಯುತ್ತಿದ್ದವರೂ ಅಪ್ಪನೇ. ನನ್ನ ಕಾಲು ಒಡೆದಿದೆ, ಅದು ಬೇರೆ ವಿಷಯ. ಅಪ್ಪ ಇದ್ದಿದ್ದರೆ ಅವತ್ತು ಭಾವನ ಪಕ್ಕದಲ್ಲಿ ಪಂಚೆ ಎತ್ತಿಕಟ್ಟಿ ನಿಂತಿರುತ್ತಿದ್ದರು. ಹೀಗೆಲ್ಲ ಅನ್ನಿಸಿ ಎರಡು ದಿನ ಭಾವನ ಮೇಲಿನ ಸಿಟ್ಟು ಇಳಿದಿತ್ತು.

ಹೋದ ಭಾನುವಾರ ಮತ್ತೆ ಏರಿತು. ನೆಂಟರ ಮನೆಯ ಗೃಹಪ್ರವೇಶ. ಪಂಕ್ತಿಯಲ್ಲಿ ಭಾವ ಕಥೆ ಹೇಳುತ್ತಿದ್ದರು. ಒಂಟಿ ಸಲಗ ಈಗ ಮರಿ ಸಮೇತ ಹಿಂಡಾಗಿತ್ತು. ಭಾವ ಟೆಂಟಿನಿಂದ ಹೊರಗೆ ಬಂದಿದ್ದರು. ಗಣಪತಿ ಶ್ಲೋಕವನ್ನು ಸ್ವಲ್ಪವೂ ತಪ್ಪದೆ ಹೇಳಿದ್ದರು. ಆನೆ ಸೊಂಡಿಲು ಎತ್ತಿ ಆಶೀರ್ವಾದ ಮಾಡಿ, ಕರೆಕ್ಟಾಗಿ ಉಂಗುರದ ಕೈಯನ್ನೇ ಮೂಸಿತ್ತು. ರೈಟ್ರು ಇರಲೇ ಇಲ್ಲ. ಬಾಯಿ ಮುಚ್ಚಿದ ನಮ್ಮವರು ಪಕ್ಕದ ಎಲೆಯಲ್ಲೇ ಕೂತು ಕೋಸಂಬರಿ ತಿನ್ನುತ್ತಿದ್ದರು.

ನಾನು ಬಾಯಿ ತೆರೆಯುವ ಮೊದಲೇ ನನ್ನ ಮಗ ಎಲೆಯಿಂದ ತಲೆ ಎತ್ತಿದ. "ದೊಡ್ಡಪ್ಪ, ಹಲಸಿನ ಹಣ್ಣು ಬಿಟ್ಟುಬಿಟ್ರಿ."

ಬಡಿಸುವವರೂ ನಿಂತರು. ಅಕ್ಕ ನನ್ನ ಕಡೆ ನೋಡಿದಳು. ಭಾವ ಬಾಯಲ್ಲಿದ್ದ ಹೋಳಿಗೆಯನ್ನು ನಿಧಾನವಾಗಿ ನುಂಗಿದರು.

"ನೈವೇದ್ಯ ಕಣೋ ಅದು. ದೇವರ ಹತ್ರ ಯಾರಾದ್ರೂ ಬರಿಗೈಲಿ ಹೋಗ್ತಾರಾ?"

ಎದುರು ಸಾಲಿನ ಅಜ್ಜಿ ಎಡಗೈಯಲ್ಲೇ ಗಲ್ಲ ಗಲ್ಲ ಬಡಿದುಕೊಂಡರು. ಭಾವನ ಎಲೆಗೆ ಇನ್ನೊಂದು ಹೋಳಿಗೆ ಬಿತ್ತು, ತುಪ್ಪ ಸಮೇತ.